ಕಳಸದಲ್ಲಿ ಕರ್ನಲ್ ಸಾಹೇಬರು ಗಾಬರಿಯಾದದ್ದು

ಕಳಸದ ಪೇಟೆ ದಾಟಿ ಹೊರನಾಡಿನ ಕಡೆಗೆ ಹೋಗುವ ರಸ್ತೆಯ ಎಡಕ್ಕೆ ರಜಬ್ ಅಲಿಯ ಜೀಪ್ ಗ್ಯಾರೇಜು. ಅದರ ಬೆನ್ನಿಗೇ ಅಂಟಿಕೊಂಡಂತೆ ಅವನ ಮನೆ. ಮೂವತ್ತೊಂದು ವರ್ಷಗಳಲ್ಲಿ ತನ್ನ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದ ಒಂದು ಗಾಡಿಯೂ ತಳ್ಳಿಸಿಕೊಂಡು ವಾಪಸು ಹೋಗಿಲ್ಲ ಎಂದು ಅವನು ಯಾರು ಕೇಳಿದರೂ ಹೇಳುತ್ತಾನೆ. ಯಾರೂ ಕೇಳದಿದ್ದರೆ ತಾನಾಗಿಯೇ ಹೇಳುತ್ತಾನೆ. ಎಸ್ಟೇಟಿನ ಇಳಿಜಾರಿನಲ್ಲಿ ಗೇರ್‌ಬಾಕ್ಸ್ ಕಳಚಿಕೊಂಡ ಜೀಪು, ಭದ್ರೆಯಲ್ಲಿ ಎರಡು ದಿನ ಮುಳುಗೆದ್ದ ಟಿಲ್ಲರು, ಮದುಮಗನ ಸಮೇತ ಚರಂಡಿಗಿಳಿದ ಕಾರು, ಎಲ್ಲವೂ ಅವನ ಕೈಯಲ್ಲಿ ಮರುಜನ್ಮ ಪಡೆದಿವೆ. ಹೀಗಿರುವಾಗ ಯಕಶ್ಚಿತ್ ಒಂದು ಕಂಪ್ಯೂಟರು ಅವನನ್ನು ಏನು ಮಾಡೀತು?

ಆ ಕಂಪ್ಯೂಟರು ಮನೆಯ ನಡುಮನೆಯಲ್ಲಿತ್ತು. ಎರಡು ವರ್ಷಗಳ ಹಿಂದೆ ಅದಕ್ಕೆ ವೈರಸ್ ಬಡಿದು ಉಸಿರಾಡಲೂ ಆಗದಂತಾದಾಗ, ರಜಬ್ ಅಲಿಯ ಹೆಂಡತಿ ಜಮೀಲುನ್ನೀಸಾಳ ತಮ್ಮ ಅಸದ್ ಬಂದು ಅದರೊಳಗಿದ್ದುದನ್ನೆಲ್ಲ ಗುಡಿಸಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆ ಹಾಕಿಕೊಟ್ಟಿದ್ದ. ಅಸದ್ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಲಿನಕ್ಸ್ ಎಂದರೆ ಏನೆಂದು ಭಾವನಿಗೆ ತಿಳಿಸುವುದು ಹೇಗೆಂದು ಸ್ವಲ್ಪ ಹೊತ್ತು ಯೋಚಿಸಿ, "ಬೇರೆಯವೆಲ್ಲ ಬಾನೆಟ್‌ಗೆ ಸೀಲ್ ಹಾಕಿದ ಗಾಡಿ ಭಾವ. ಇದರ ಬಾನೆಟ್ ನಾವೇ ತೆಗೀಬಹುದು" ಎಂದಿದ್ದ.

ಅಷ್ಟು ಸಾಕಾಯಿತು! ಅಂದಿನಿಂದ ರಜಬ್ ಅಲಿ ಲಿನಕ್ಸಿನ ಪ್ರಚಾರಕನಾದ. ಜೀಪಿನ ಅಡಿಯಲ್ಲಿ ಮಲಗಿ, ಎರಡು ಪಾದಗಳನ್ನು ಮಾತ್ರ ಹೊರಗೆ ಚಾಚಿ, ಅಲ್ಲಿಂದಲೇ ಗಿರಾಕಿಗಳಿಗೆ ಲಿನಕ್ಸಿನ ಹಿರಿಮೆಯನ್ನು ಬೋಧಿಸುತ್ತಿದ್ದ. ಗಿರಾಕಿಗಳು ಆ ಪಾದಗಳಿಗೆ ತಲೆಯಾಡಿಸುತ್ತಿದ್ದರು.

ಆದರೆ ಕಂಪ್ಯೂಟರನ್ನು ನಿಜವಾಗಿ ಬಳಸುತ್ತಿದ್ದವಳು ಹೆಂಡತಿ, ಎಲ್ಲರ ಬಾಯಲ್ಲಿ ಜಮೀಲಾ. ಅಪ್ಪನಿಂದ ಬಂದ ಎರಡೂವರೆ ಎಕರೆ ಅರೇಬಿಕಾ ಕಾಫಿ ತೋಟ ಅವಳದು. ಸುತ್ತಮುತ್ತಲಿನ ಅಂಥದೇ ಸಣ್ಣ ಸಣ್ಣ ತೋಟಗಳ ಹತ್ತು ಮಂದಿ ಹೆಂಗಸರನ್ನು ಸೇರಿಸಿ, ತಾನೂ ಸೇರಿ ಹನ್ನೊಂದು ಮಂದಿಯ ಗುಂಪು ಕಟ್ಟಿದ್ದಳು. ಆ ವರ್ಷ ಮೊದಲ ಬಾರಿಗೆ ಹನ್ನೊಂದು ಮನೆಯ ಹಣ್ಣನ್ನು ಒಂದೇ ಕಡೆ ಪಲ್ಪ್ ಮಾಡಿ ಸಿಪ್ಪೆ ತೆಗೆದು, ನೆಲಕ್ಕೆ ತಾಗದಂತೆ ಬಲೆಯ ಮಂಚಗಳ ಮೇಲೆ ಹರಡಿ, ಇಪ್ಪತ್ತೆರಡು ದಿನ ಒಣಗಿಸಿ ಒಳಹೊಟ್ಟಿನ ಸಮೇತದ ಪಾರ್ಚ್‌ಮೆಂಟ್ ಮಾಡಿ, ಬೆಂಗಳೂರಿನಲ್ಲಿ ನಡೆಯುವ ಕಾಫಿ ರುಚಿಯ ಸ್ಪರ್ಧೆಗೆ ಕಳಿಸಿದ್ದರು. ಗುಂಪಿನ ಹಿರಿಯಳಾದ ಅರವತ್ತೆಂಟರ ತಿಮ್ಮಮ್ಮ ಆ ಇಪ್ಪತ್ತೆರಡು ದಿನವೂ ಮಂಚದ ಪಕ್ಕದಲ್ಲೇ ಕೋಲು ಹಿಡಿದು ಕೂತು ಕೋತಿಗಳನ್ನು ಹೆಸರು ಹಿಡಿದು ಬೈದು ಓಡಿಸಿದ್ದಳು.

ಕಾಫಿ ಬೆಂಗಳೂರು ತಲುಪಿತ್ತು. ಆದರೆ ಅದರ ಜೊತೆ ವಿವರವೂ ಬೇಕಿತ್ತು. ಯಾವ ದಿನ ಎಷ್ಟು ಬಿಸಿಲು, ಯಾವ ಗಂಟೆಗೆ ಕೈಯಾಡಿಸಿದ್ದು, ತೇವ ಎಷ್ಟು ಇಳಿಯಿತು, ಪ್ರತಿಯೊಬ್ಬಳ ತೋಟದ ಚಿತ್ರ, ಎಲ್ಲ ಸೇರಿ ಇಪ್ಪತ್ತಾರು ಪುಟ. ಅದನ್ನು ಮಂಗಳವಾರ ಸಂಜೆ ನಾಲ್ಕು ಗಂಟೆಯೊಳಗೆ ಅವರ ಜಾಲತಾಣಕ್ಕೆ ಏರಿಸಬೇಕು. ಇಲ್ಲವಾದರೆ ಕಾಫಿಯ ಚೀಲದ ಬಾಯನ್ನೇ ಬಿಚ್ಚುವುದಿಲ್ಲ ಎಂದು ಅವರು ಬಹಳ ವಿನಯದಿಂದ ತಿಳಿಸಿದ್ದರು. ಜಮೀಲಾ ನಾಲ್ಕು ದಿನ ಕೂತು ಇಪ್ಪತ್ತೈದು ಪುಟ ಮುಗಿಸಿದ್ದಳು. ಫೋನು ತುಂಬಿ ತುಳುಕುತ್ತಿತ್ತೆಂದು ಚಿತ್ರಗಳನ್ನೂ ಕಂಪ್ಯೂಟರಿಗೇ ಇಳಿಸಿ ಫೋನಿನಿಂದ ಅಳಿಸಿದ್ದಳು. ಉಳಿದಿದ್ದು ಕೊನೆಯ ಪುಟ, ಹನ್ನೊಂದು ಮಂದಿಯೂ ಒಟ್ಟಿಗೆ ನಿಂತ ಚಿತ್ರ. ಅದನ್ನು ತೆಗೆಯಲು ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವಳು ಕಣಕ್ಕೆ ಹೊರಟಳು. ಹೊರಡುವಾಗ ಗಂಡನಿಗೆ ಒಂದೇ ಮಾತು ಹೇಳಿದಳು.

"ಇವತ್ತೊಂದು ದಿನ ಅದನ್ನ ಮುಟ್ಬೇಡಿ. ನಾನು ಬಂದು ಕಳಿಸಿಯಾದ ಮೇಲೆ ಎಂತ ಬೇಕಾದ್ರೂ ಮಾಡ್ಕೊಳ್ಳಿ."

ರಜಬ್ ಅಲಿ ಮುಟ್ಟುವವನೂ ಅಲ್ಲ. ನೋಡೋಣವೆಂದು ಮಾತ್ರ ಹತ್ತಿರ ಹೋದ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿನುಗುತ್ತಿತ್ತು. ಹೊಸ ಅಪ್‌ಡೇಟ್ ಸಿದ್ಧವಿದೆಯಂತೆ. ಅವನೊಳಗಿನ ಮೆಕ್ಯಾನಿಕ್ ಎದ್ದು ಕುಳಿತ. ಇಂದು ಈ ಯಂತ್ರಕ್ಕೆ ದೊಡ್ಡ ಪ್ರಯಾಣವಿದೆ. ದೊಡ್ಡ ಘಾಟಿ ಹತ್ತುವ ಮುಂಚೆ ಆಯಿಲ್ ಬದಲಿಸದೆ ಗಾಡಿ ಬಿಡುವ ಗಂಡಸು ಗಂಡಸೇ? ಹೆಂಡತಿ ಬರುವುದರೊಳಗೆ ಸರ್ವಿಸ್ ಮುಗಿಸಿ, ಹೊಸ ಮದುವಣಗಿತ್ತಿಯಂತೆ ಸಿಂಗರಿಸಿ ನಿಲ್ಲಿಸಿಬಿಡಬೇಕು ಎಂದು ನಿರ್ಧರಿಸಿ ಕುರ್ಚಿ ಎಳೆದುಕೊಂಡ.

ಅಪ್‌ಡೇಟ್ ಶುರುವಾಯಿತು, ಅರ್ಧಕ್ಕೆ ನಿಂತಿತು. 'ಬೂಟ್'ನಲ್ಲಿ ಜಾಗವಿಲ್ಲ ಎಂದಿತು. ಬೂಟಿನಲ್ಲಿ ಜಾಗವಿಲ್ಲದಿದ್ದರೆ ಕಾಲು ಹಾಕುವುದು ಹೇಗೆ? ನ್ಯಾಯವಾದ ಮಾತೇ ಎನಿಸಿತು ಅವನಿಗೆ. ಏನಿದೆ ನೋಡೋಣವೆಂದು ಹುಡುಕಿದರೆ, ಕರ್ನಲ್ ಎಂಬ ಹೆಸರಿನ ಹಳೆಯ ಸರಕು ಎರಡು, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕರ್ನಲ್ ಎಂದರೆ ಇಂಜಿನ್ನಿನಂತೆ ಎಂದು ಅಸದ್ ಹಿಂದೊಮ್ಮೆ ಹೇಳಿದ್ದ. ಹೊಸ ಇಂಜಿನ್ನು ಬರುವಾಗ ಹಳೆಯ ಎರಡು ಇಂಜಿನ್ನುಗಳನ್ನು ಯಾರಾದರೂ ಸೀಟಿನ ಕೆಳಗೆ ಇಟ್ಟುಕೊಂಡು ತಿರುಗುತ್ತಾರೆಯೇ? ರಜಬ್ ಅಲಿ ಎರಡನ್ನೂ ಅಳಿಸಿದ. ಖಚಿತವೇ ಎಂದು ಕಂಪ್ಯೂಟರು ಕೇಳಿತು. ಖಚಿತ ಎಂದ. ಅಪಾಯವಾದೀತು, ನಿಜವಾಗಿಯೂ ಖಚಿತವೇ ಎಂದು ಮತ್ತೆ ಕೇಳಿತು. ಹುಟ್ಟಿದಾಗಿನಿಂದ ಯಾವ ವಿಷಯದಲ್ಲೂ ಅನುಮಾನಪಟ್ಟವನಲ್ಲ ರಜಬ್ ಅಲಿ. ಖಚಿತ ಎಂದ.

ಅಪ್‌ಡೇಟ್ ಮುಗಿಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಜಲಪಾತದಂತೆ ಸುರಿದವು. ಆಮೇಲೆ ನಿಂತವು. ಕೊನೆಯ ಸಾಲನ್ನು ಅವನು ಬೆರಳಿಟ್ಟು ಓದಿದ: ಕರ್ನಲ್ ಪ್ಯಾನಿಕ್. ರೂಟ್ ಮೌಂಟ್ ಮಾಡಲಾಗುತ್ತಿಲ್ಲ.

ಕರ್ನಲ್ ಸಾಹೇಬರು ಗಾಬರಿಯಾಗಿದ್ದಾರೆ! ಸಾಹೇಬರೇ ಗಾಬರಿಯಾದರೆ ಕೆಳಗಿನ ಸಿಪಾಯಿಗಳ ಗತಿಯೇನು? ಇನ್ನು 'ರೂಟ್ ಹತ್ತಲಾಗುತ್ತಿಲ್ಲ' ಎಂಬ ದೂರನ್ನು ಅವನು ಜನ್ಮವಿಡೀ ಕೇಳಿದವನು. ಕುದುರೆಮುಖದ ರೂಟು, ಸಂಸೆಯ ರೂಟು, ಬಲಿಗೆಯ ರೂಟು, ಹತ್ತಲಾರೆ ಎಂದು ಕೈಚೆಲ್ಲಿದ ಎಷ್ಟು ಗಾಡಿಗಳನ್ನು ಅವನು ಹತ್ತಿಸಿಲ್ಲ! ಧೈರ್ಯ ತಂದುಕೊಂಡು ಆರಿಸಿ ಹೊತ್ತಿಸಿದ. ಸಾಹೇಬರು ಗಾಬರಿಯಲ್ಲೇ ಇದ್ದರು. ಹದಿನೇಳು ಸಲ ಆರಿಸಿ ಹೊತ್ತಿಸಿದ. ಹದಿನೇಳು ಸಲವೂ ಅದೇ ಸಾಲು.

ಆಗ ಗಂಟೆ ಒಂಬತ್ತೂಕಾಲು. ನಡುಮನೆಯ ಫ್ಯಾನು ತಿರುಗುತ್ತಿದ್ದರೂ ರಜಬ್ ಅಲಿಯ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಇಪ್ಪತ್ತೈದು ಪುಟ ಆ ಪೆಟ್ಟಿಗೆಯೊಳಗಿದೆ. ಹನ್ನೊಂದು ಮಂದಿಯ ಇಪ್ಪತ್ತೆರಡು ದಿನ ಅದರೊಳಗಿದೆ. ಅಸದ್‌ನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಕಾಲೇಜಿನಲ್ಲಿ ಪರೀಕ್ಷೆ, ಮೇಲ್ವಿಚಾರಣೆಗೆ ನಿಂತವರು ಫೋನ್ ಆರಿಸಿಡಬೇಕೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಐದೈದು ನಿಮಿಷಕ್ಕೊಮ್ಮೆ ಮಾಡುತ್ತಲೇ ಹೋದ.

ಮೊದಲು ತನಗೆ ಬರುವ ವಿದ್ಯೆಯನ್ನೇ ಪ್ರಯೋಗಿಸಿದ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಟಯರಿಗೆ ಗಾಳಿ ತುಂಬುವ ಪೈಪನ್ನು ಗ್ಯಾರೇಜಿನಿಂದ ಕಿಟಕಿಯ ಮೂಲಕ ಎಳೆದು ತಂದು ಒಳಗಿನ ದೂಳು ಹಾರಿಸಿದ. ದೂಳು ಹಾರಿತು, ಜಮೀಲಾ ಮಡಚಿಟ್ಟಿದ್ದ ಬಟ್ಟೆಗಳ ಮೇಲೆ ಕೂತಿತು. ಕಳಚಬಹುದಾದದ್ದನ್ನೆಲ್ಲ ಕಳಚಿ, ಒರೆಸಿ, ಮರಳಿ ಸೇರಿಸಿದ. ಕೊನೆಗೆ ಎರಡು ಸ್ಕ್ರೂ ಕೈಯಲ್ಲೇ, ಪಕ್ಕದ ತಗಡು ಹೊರಗೇ ಉಳಿದವು. ಕಂಪ್ಯೂಟರು ಹೊಳೆಯುತ್ತಿತ್ತು. ಕರ್ನಲ್ ಸಾಹೇಬರು ಮಾತ್ರ ಹಾಗೆಯೇ ಇದ್ದರು.

ಫೋನಿನಲ್ಲಿ ವಿಡಿಯೋ ಹುಡುಕಿದಾಗ ದಾರಿ ಕಂಡಿತು. ಹಿಂದಿಯಲ್ಲಿ ಮಾತಾಡುವ ಮೀಸೆಯ ಮನುಷ್ಯನೊಬ್ಬ ಬಹಳ ಸಮಾಧಾನದಿಂದ ಹೇಳುತ್ತಿದ್ದ: ಒಂದು ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿಸಿಕೊಳ್ಳಿ. ಅದನ್ನು ಚುಚ್ಚಿದರೆ ಕಂಪ್ಯೂಟರು ಒಳಗಿನದನ್ನು ಬಿಟ್ಟು ಪೆನ್‌ಡ್ರೈವಿನಿಂದಲೇ ಏಳುತ್ತದೆ. ಎದ್ದ ಮೇಲೆ ಒಳಗಿನ ರಿಪೇರಿ ಸುಲಭ. ರಜಬ್ ಅಲಿಗೆ ಮೈಯೆಲ್ಲ ಹುರುಪೇರಿತು. ಇದು ಇನ್ನೊಂದು ಗಾಡಿಯ ಬ್ಯಾಟರಿಯಿಂದ ವೈರು ಎಳೆದು ಸ್ಟಾರ್ಟ್ ಮಾಡುವ ಕೆಲಸ, ಅಷ್ಟೇ!

ಆದರೆ ಪೆನ್‌ಡ್ರೈವಿಗೆ ತುಂಬಿಸಲು ಇನ್ನೊಂದು ಕಂಪ್ಯೂಟರು ಬೇಕು. ಅದಿದ್ದದ್ದು ನಾಲ್ಕು ಕಿಲೋಮೀಟರ್ ಮೇಲಿನ ಎಸ್ಟೇಟಿನಲ್ಲಿ, ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಿಡ್ಡಪ್ಪನ ಆಫೀಸಿನಲ್ಲಿ. ಗಿಡ್ಡಪ್ಪ ಹಳೆಯ ಸ್ನೇಹಿತ. ಅವನ ಜೀಪು ಕ್ಲಚ್ ಬದಲಿಸಲು ಬಂದು ಗ್ಯಾರೇಜಿನಲ್ಲೇ ನಿಂತಿತ್ತು. ಇನ್ನು ಪೆನ್‌ಡ್ರೈವ್? ಜಮೀಲಾಳನ್ನು ಕೇಳಬಹುದಿತ್ತು. ಕೇಳಿದರೆ ಯಾಕೆಂದು ಅವಳು ಕೇಳುತ್ತಾಳೆ. ಸುತ್ತ ಕಣ್ಣಾಡಿಸಿದಾಗ ಗ್ಯಾರೇಜಿನಲ್ಲಿ ನಿಂತ ಜೀಪೊಂದರ ಸ್ಟೀರಿಯೋದಲ್ಲಿ ಒಂದು ಪೆನ್‌ಡ್ರೈವ್ ಚುಚ್ಚಿಕೊಂಡಿರುವುದು ಕಂಡಿತು. ಅವಸರದಲ್ಲಿ ಯಾವ ಜೀಪು ಎಂದು ನೋಡುವ ವ್ಯವಧಾನವಿಲ್ಲದೆ ಕಿತ್ತುಕೊಂಡು ತನ್ನ ಗಾಡಿ ಹತ್ತಿದ.

ಗಿಡ್ಡಪ್ಪ ಆಫೀಸಿನಲ್ಲಿದ್ದ. ರೊಬಸ್ಟಾ ಕಾಫಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಓಡುವ ದಿನಗಳು. ಅವನ ಗಮನವೆಲ್ಲ ಪಂಪ್‌ಸೆಟ್ಟಿನ ಮೇಲೆ. ಆದರೂ ಸ್ನೇಹಿತನ ಮುಖ ನೋಡಿ ಏನೂ ಕೇಳದೆ ಕಂಪ್ಯೂಟರು ಬಿಟ್ಟುಕೊಟ್ಟ. ಲಿನಕ್ಸ್ ಇಳಿಯತೊಡಗಿತು. ಇಳಿಯುತ್ತಲೇ ಇತ್ತು. ಹನ್ನೊಂದೂವರೆಗೆ ಶುರುವಾದದ್ದು ಒಂದೂಕಾಲಾದರೂ ಇಳಿಯುತ್ತಿತ್ತು. ಈ ನಡುವೆ ಜಮೀಲಾ ಎರಡು ಸಲ ಫೋನ್ ಮಾಡಿದಳು. ಮೊದಲನೆಯ ಸಲ ಬಾಳೆಹೊನ್ನೂರಿನ ಗಿರಾಕಿಗೆ ಬೇರಿಂಗ್ ತರಲು ಹೋಗಿದ್ದೇನೆಂದ. ಎರಡನೆಯ ಸಲ ಅದೇ ಗಿರಾಕಿ ಮೂಡಿಗೆರೆಯವನಾಗಿದ್ದ.

ಒಂದೂವರೆಗೆ ಎಲ್ಲ ಇಳಿದು ಪೆನ್‌ಡ್ರೈವಿಗೆ ತುಂಬಿಸುವ ಹಂತ ಬಂತು. ಇದರೊಳಗಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರು ಕೇಳಿತು. ಬೆಳಿಗ್ಗೆಯ ಅನುಭವದಿಂದ ರಜಬ್ ಅಲಿಯ ಬೆರಳು ಮೊದಲ ಸಲ ಹಿಂಜರಿಯಿತು. ಅದನ್ನು ಕಂಡ ಗಿಡ್ಡಪ್ಪ, ಇಷ್ಟಕ್ಕೆಲ್ಲ ಹೆದರುವುದೇ ಎಂದು ತಾನೇ ಕೈಚಾಚಿ ಒತ್ತಿಬಿಟ್ಟ. ಒತ್ತಿದ ಮೇಲೆ ಪೆನ್‌ಡ್ರೈವನ್ನು ಬಗ್ಗಿ ನೋಡಿದ. ಅದರ ತುದಿಗೆ ಕಟ್ಟಿದ್ದ ಹಸಿರು ದಾರವನ್ನು ಮುಟ್ಟಿ ನೋಡಿದ.

"ಇದು ನನ್ನ ಜೀಪಿಂದು ಮಾರಾಯ" ಎಂದ. "ಹನ್ನೆರಡು ವರ್ಷದ ಯಕ್ಷಗಾನ ಇತ್ತಲ್ಲ ಇದ್ರಲ್ಲಿ."

ರಜಬ್ ಅಲಿ ಬಾಯಿ ತೆರೆಯುವುದರೊಳಗೆ ಕರೆಂಟ್ ಹೋಯಿತು. ಗುಡ್ಡದ ಮೇಲೆ ಪಂಪ್‌ಸೆಟ್ಟು ನಿಟ್ಟುಸಿರಿಟ್ಟು ನಿಂತಿತು. ಪೆನ್‌ಡ್ರೈವಿನಲ್ಲಿ ಈಗ ಯಕ್ಷಗಾನವೂ ಇರಲಿಲ್ಲ, ಲಿನಕ್ಸೂ ಇರಲಿಲ್ಲ. ಪೇಟೆಯ ಲೈನು ಬೇರೆ; ಎಸ್ಟೇಟಿನ ಲೈನಿಗೆ ಇನ್ನು ಕರೆಂಟ್ ಬರುವುದು ಐದು ಗಂಟೆಗೆ.

ವಾಪಸು ಬರುವಾಗ ಗಿಡ್ಡಪ್ಪನೂ ಜೊತೆಗೆ ಹೊರಟ. ಸಿಟ್ಟಿಗಲ್ಲ. ಕಳೆದುಹೋದ ಪದ್ಯಗಳು ಯಾವುವೆಂದು ಮರೆಯುವ ಮುಂಚೆ ಒಮ್ಮೆ ನೆನಪು ಮಾಡಿಕೊಳ್ಳಬೇಕೆಂದು ನಾಲ್ಕು ಕಿಲೋಮೀಟರೂ ಒಂದೊಂದನ್ನೇ ಹಾಡುತ್ತಾ ಬಂದ. ಅವನ ಸ್ವರ ಒಳ್ಳೆಯದಲ್ಲ. ತಾನು ಮಾಡಿದ ಅನ್ಯಾಯಕ್ಕೆ ಇದು ಶಿಕ್ಷೆ ಎಂದುಕೊಂಡು ರಜಬ್ ಅಲಿ ಪ್ರತಿಯೊಂದು ತಿರುವಿನಲ್ಲೂ ಭೇಷ್ ಎಂದ.

ಮನೆಗೆ ಬಂದಾಗ ಎರಡು ಗಂಟೆಗೆ ಐದು ನಿಮಿಷ. ಜಗಲಿಯಲ್ಲಿ ಚಪ್ಪಲಿಗಳ ಸಾಲು. ಒಳಗೆ ಹನ್ನೊಂದು ಮಂದಿಯೂ ಇದ್ದರು. ವಿವರ ಬೆಂಗಳೂರಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ತಿಮ್ಮಮ್ಮ ಹಟ ಹಿಡಿದದ್ದಕ್ಕೆ ಎಲ್ಲರೂ ಬಂದಿದ್ದರಂತೆ. ಕಂಪ್ಯೂಟರಿನ ಮುಂದೆ, ತಗಡು ಬಿಚ್ಚಿದ ಅದರ ಹೊಟ್ಟೆಯನ್ನೂ ಮೇಜಿನ ಮೇಲಿದ್ದ ಎರಡು ಸ್ಕ್ರೂಗಳನ್ನೂ ನೋಡುತ್ತಾ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು. ಪರದೆಯ ಮೇಲೆ ಕರ್ನಲ್ ಸಾಹೇಬರು.

ರಜಬ್ ಅಲಿ ಎಲ್ಲವನ್ನೂ ಒಪ್ಪಿಕೊಂಡ. ಆಯಿಲ್ ಬದಲಿಸಲು ಹೋದದ್ದು, ಹಳೆಯ ಇಂಜಿನ್ನು ಎಸೆದದ್ದು, ಗಾಳಿ ಹೊಡೆದದ್ದು, ಬೇರಿಂಗಿನ ಸುಳ್ಳು, ಗಿಡ್ಡಪ್ಪನ ಯಕ್ಷಗಾನ. ಹೇಳುತ್ತಾ ಹೇಳುತ್ತಾ ಅವನ ಸ್ವರ ಸಣ್ಣದಾಯಿತು. ತಿಮ್ಮಮ್ಮನ ಮುಖವನ್ನು ಮಾತ್ರ ನೋಡಲಾಗಲಿಲ್ಲ. ಅವಳಿಗೆ ಕಂಪ್ಯೂಟರಿನ ವಿಷಯ ಅಷ್ಟೇನೂ ಅರ್ಥವಾಗಿರಲಿಲ್ಲ. ಪಕ್ಕದವಳನ್ನು ಮೆಲ್ಲಗೆ, ಹಾಗಾದರೆ ನಮ್ಮ ಕಾಫಿಯನ್ನು ಅವರು ಕುಡಿಯುವುದೇ ಇಲ್ಲವೇ ಎಂದು ಕೇಳಿದಳು. ಮೂವತ್ತೊಂದು ವರ್ಷಗಳಲ್ಲಿ ಯಾವ ಗಿರಾಕಿಯ ಬೈಗುಳವೂ ರಜಬ್ ಅಲಿಗೆ ಅಷ್ಟು ನಾಟಿರಲಿಲ್ಲ.

ಜಮೀಲಾ ಕೂಗಾಡಲಿಲ್ಲ. "ಪೆನ್‌ಡ್ರೈವಲ್ಲಿ ಲಿನಕ್ಸ್ ಬೇಕು, ಅಷ್ಟೇ ಅಲ್ವಾ?" ಎಂದಳು. ಒಳಗೆ ಹೋದಳು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಮಗಳ ಚುಚ್ಚುಮದ್ದಿನ ಕಾರ್ಡು, ಮನೆಯ ಪತ್ರಗಳ ಜೊತೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಪೆನ್‌ಡ್ರೈವ್ ತಂದು ಅವನ ಅಂಗೈಯಲ್ಲಿಟ್ಟಳು. ಎರಡು ವರ್ಷದ ಹಿಂದೆ ಅಸದ್ ಲಿನಕ್ಸ್ ಹಾಕಿದ್ದು ಅದರಿಂದಲೇ. ಹೋಗುವಾಗ ಅಕ್ಕನ ಕೈಗೆ ಕೊಟ್ಟು ಹೋಗಿದ್ದ.

"ಬೆಳಿಗ್ಗೆ ಒಂದು ಮಾತು ಕೇಳಿದ್ರೆ ಆಗ್ಲೇ ಕೊಡ್ತಿದ್ದೆ."

ಮುಖ ಎತ್ತಲು ಸಮಯವಿರಲಿಲ್ಲ. ಇದ್ದಿದ್ದರೂ ಅವನು ಎತ್ತುತ್ತಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದ. ಯಾವ ಕೀ ಒತ್ತಿದರೆ ಅದರಿಂದ ಏಳುತ್ತದೆಂದು ಮೀಸೆಯ ಮನುಷ್ಯ ಹೇಳಿದ್ದು ಮರೆತುಹೋಗಿತ್ತು. ಮೇಲಿನ ಸಾಲಿನ ಒಂದೊಂದೇ ಕೀ ಹಿಡಿದು ಪ್ರಯತ್ನಿಸಿದ. ಐದನೆಯ ಪ್ರಯತ್ನಕ್ಕೆ ಕರ್ನಲ್ ಸಾಹೇಬರು ಮಾಯವಾದರು. ಪರದೆಗೆ ನೀಲಿ ಬಣ್ಣ ಬಂತು. ಹೆಂಗಸರ ನಡುವೆ ಸಣ್ಣ ಗುಲ್ಲೆದ್ದಿತು. ರಜಬ್ ಅಲಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಆದರೆ ಪರದೆ ಖಾಲಿ! ಜಮೀಲಾಳ ಫೈಲುಗಳಿಲ್ಲ, ಚಿತ್ರಗಳಿಲ್ಲ. ಯಾರೋ ಬೇರೆಯವರ ಮನೆಗೆ ಹೊಕ್ಕಂತಿತ್ತು. ಇಡೀ ಪರದೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಗುಂಡಿ: ಇನ್‌ಸ್ಟಾಲ್. ಎರಡೂವರೆ ಗಂಟೆ ಆಗುತ್ತಿತ್ತು. ಇನ್ನು ರಿಪೇರಿಗೆ ಇಳಿಯಬೇಕಾದರೆ ಮೊದಲು ಇದನ್ನೇ ಒತ್ತಬೇಕೆಂದು ರಜಬ್ ಅಲಿಗೆ ಅನಿಸಿತು. ಒತ್ತಿದ. ಅದು ಭಾಷೆ ಕೇಳಿತು, ಊರು ಕೇಳಿತು. ಎಲ್ಲಕ್ಕೂ ಹೌದೆಂದ. ಕೊನೆಗೆ ಇನ್ನೇನೋ ಕೇಳಿತು. ಅದಕ್ಕೂ ಹೌದೆನ್ನಲು ಬೆರಳು ಇಳಿಯುತ್ತಿದ್ದಾಗ ಜಮೀಲಾ ಅವನ ಮಣಿಕಟ್ಟನ್ನು ಹಿಡಿದಳು.

ಗಟ್ಟಿಯಾಗಿಯೇ ಹಿಡಿದಳು. ಇಪ್ಪತ್ತೆರಡು ದಿನ ಪಾರ್ಚ್‌ಮೆಂಟಿಗೆ ಕೈಯಾಡಿಸಿದ ಹಿಡಿತ ಅದು. "ಓದಿ" ಎಂದಳು.

ಅವನು ಓದಿದ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವೆ ಎಂದು ಬರೆದಿತ್ತು. ಇನ್ನೊಂದು ಒತ್ತು, ಇಪ್ಪತ್ತೈದು ಪುಟವೂ ಗಿಡ್ಡಪ್ಪನ ಯಕ್ಷಗಾನವನ್ನು ಸೇರಿಕೊಳ್ಳುತ್ತಿದ್ದವು. ಹಿಂದೆ ನಿಂತಿದ್ದ ಗಿಡ್ಡಪ್ಪ ಸಣ್ಣಗೆ ಕೆಮ್ಮಿದ. ರಜಬ್ ಅಲಿ ಬೆರಳನ್ನು ಬೆಂಕಿಯಿಂದ ಎಳೆದುಕೊಂಡಂತೆ ಎಳೆದುಕೊಂಡು ಕುರ್ಚಿ ಬಿಟ್ಟೆದ್ದ.

ಕುರ್ಚಿಯಲ್ಲಿ ಜಮೀಲಾ ಕೂತಳು. ಅಳಿಸಲು ಹೊರಟಿದ್ದ ಆ ಇನ್‌ಸ್ಟಾಲನ್ನು ಮುಚ್ಚಿದಳು. ಪರದೆಯ ಎಡಬದಿಯಲ್ಲಿ ಪೆಟ್ಟಿಗೆಯಂಥ ಒಂದು ಚಿತ್ರ ಚಿಕ್ಕದಾಗಿ ಕೂತಿತ್ತು. ಇದೇನೆಂದು ತೆರೆದಳು; ಕಂಪ್ಯೂಟರಿನ ಒಳಗಿನ ಡಿಸ್ಕೇ ಅದು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅದನ್ನೂ ತೆರೆದಾಗ ಪರದೆಯ ತುಂಬ ತಿಮ್ಮಮ್ಮ ಎದ್ದು ನಿಂತಳು, ಕೋಲು ಹಿಡಿದು, ಹಲ್ಲಿಲ್ಲದ ಬಾಯಲ್ಲಿ ನಗುತ್ತಾ!

ಮನೆ ಒಮ್ಮೆಗೇ ಗದ್ದಲವಾಯಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಅತ್ತರು. ತಿಮ್ಮಮ್ಮ ಮಾತ್ರ ತನ್ನ ಸೆರಗು ಸರಿಯಿಲ್ಲದ ಚಿತ್ರ ಹಾಕಿದ್ದೀಯಲ್ಲ ಎಂದು ಜಮೀಲಾಳನ್ನು ತರಾಟೆಗೆ ತೆಗೆದುಕೊಂಡಳು. ಎಲ್ಲವೂ ಇತ್ತು. ಬಿಸಿಲಿನ ಲೆಕ್ಕ, ತೇವದ ಲೆಕ್ಕ, ಇಪ್ಪತ್ತೈದು ಪುಟ, ಒಂದಕ್ಷರವೂ ಕದಲದೆ ಇತ್ತು.

ರಜಬ್ ಅಲಿಗೆ ಉಸಿರು ಬಂತು. ಉಸಿರಿನ ಜೊತೆಗೆ ಹುರುಪೂ ಬಂತು. ಇನ್ನು ಒಂದು ಗಂಟೆ ಕೊಟ್ಟರೆ ಇಂಜಿನ್ನನ್ನೇ ಸರಿಮಾಡಿ ಕೊಡುತ್ತೇನೆ, ಆಮೇಲೆ ನೆಮ್ಮದಿಯಾಗಿ ಕಳಿಸಬಹುದು ಎಂದ.

ಜಮೀಲಾ ತಿರುಗಿ ನೋಡಲಿಲ್ಲ. "ಗಾಡಿ ದಾರೀಲಿ ಕೆಟ್ಟು ನಿಂತಿದೆ. ಒಳಗಿದ್ದ ಸಾಮಾನು ಚೆನ್ನಾಗಿದೆ. ಮೊದ್ಲು ಸಾಮಾನು ಇಳಿಸ್ತೀರಾ, ಇಂಜಿನ್ ಬಿಚ್ತೀರಾ?"

ಮೆಕ್ಯಾನಿಕ್ ಆದವನು ಇದಕ್ಕೆ ಹೇಳಬಹುದಾದ ಉತ್ತರ ಒಂದೇ ಇತ್ತು. ಅವನು ಮೇಜಿನ ಮೇಲಿನ ಎರಡು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು ಹಿಂದೆ ಸರಿದ.

ಜಮೀಲಾ ಬೆಳಿಗ್ಗೆ ತೆಗೆದ ಚಿತ್ರವನ್ನು ಸೇರಿಸಿ ಇಪ್ಪತ್ತಾರನೆಯ ಪುಟ ಮುಗಿಸುವಾಗ ಮೂರೂ ಇಪ್ಪತ್ತು. ಇನ್ನು ಫೋನಿನ ಇಂಟರ್‌ನೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿ ಮೇಲೇರಿಸಬೇಕು. ನಡುಮನೆಯಲ್ಲಿ ಸಿಗ್ನಲ್ ಒಂದು ಗೆರೆ; ಕಿಟಕಿಯ ಹತ್ತಿರ ಎರಡು; ಕಿಟಕಿಯಿಂದ ಕೈ ಹೊರಗೆ ಚಾಚಿ ಮೇಲಕ್ಕೆತ್ತಿದರೆ ಮೂರು. ರಜಬ್ ಅಲಿ ಕಿಟಕಿಯ ಹೊರಗೆ ಜ್ಯಾಕ್ ಇಡುವ ಮರದ ದಿಮ್ಮಿಯ ಮೇಲೆ ಹತ್ತಿ, ಫೋನನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಒಳಗಿನಿಂದ ಗಿಡ್ಡಪ್ಪ ಸೇಕಡಾ ಎಷ್ಟು ಹೋಯಿತೆಂದು ಕೂಗಿ ಹೇಳುತ್ತಿದ್ದ. ನಲವತ್ತು. ನಲವತ್ತೆಂಟು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಈ ಭಂಗಿಯನ್ನು ನೋಡಿ ಎಂತಾಯ್ತು ರಜಬಣ್ಣ ಎಂದು ಕೇಳಿದ. ಉತ್ತರಿಸಲು ತಲೆ ತಿರುಗಿಸಿದ ಮಾತ್ರಕ್ಕೆ ಸಿಗ್ನಲ್ ಒಂದು ಗೆರೆ ಇಳಿಯಿತು. ಒಳಗಿನಿಂದ ಹನ್ನೊಂದು ಗಂಟಲುಗಳು ಒಟ್ಟಿಗೆ ಗದರಿದವು. ಅವನು ಮತ್ತೆ ಕಲ್ಲಿನ ಕಂಬದಂತೆ ನಿಂತ. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು, ಒಂದು ಇರುವೆ ಕುತ್ತಿಗೆಯಿಂದ ಬೆನ್ನಿನ ಕಡೆಗೆ ಸಾವಕಾಶವಾಗಿ ಪ್ರಯಾಣ ಮಾಡುತ್ತಿತ್ತು. ಅವನು ಕದಲಲಿಲ್ಲ. ಎಪ್ಪತ್ತು. ಎಂಬತ್ತೊಂದು. ತೊಂಬತ್ತಾರರಲ್ಲಿ ಅದು ನಿಂತೇಬಿಟ್ಟಿತು. ಗಿಡ್ಡಪ್ಪನ ಸ್ವರವೂ ನಿಂತಿತು. ಗಡಿಯಾರದ ಟಿಕ್ ಟಿಕ್ ಕಿಟಕಿಯಾಚೆಗೂ ಕೇಳಿಸಿತು.

ಮೂರು ಐವತ್ತೆರಡಕ್ಕೆ, "ಹೋಯ್ತು" ಎಂದಳು ಜಮೀಲಾ.

ರಜಬ್ ಅಲಿ ದಿಮ್ಮಿಯಿಂದ ಇಳಿಯಲಿಲ್ಲ. ಅಲ್ಲೇ ಕುಸಿದು ಕೂತು ಮೊದಲು ಇರುವೆಯನ್ನು ಹುಡುಕಿದ.

ನಾಲ್ಕೂಕಾಲಿಗೆ ಅಸದ್‌ನ ಫೋನ್ ಬಂತು. ನಲವತ್ತೊಂದು ಮಿಸ್ಡ್ ಕಾಲ್ ನೋಡಿ ಯಾರಿಗೆ ಏನಾಯಿತೋ ಎಂದು ಅವನು ಪರೀಕ್ಷೆಯ ಕೋಣೆಯ ಬಾಗಿಲಿನಿಂದಲೇ ಮಾಡಿದ್ದ. ವಿಷಯ ಕೇಳಿ ಸಮಾಧಾನವಾಯಿತು. ಆ ಬೆಳಿಗ್ಗೆ ಬಂದ ಅಪ್‌ಡೇಟೇ ಕೆಟ್ಟದ್ದಂತೆ; ಅವನ ಕಾಲೇಜಿನಲ್ಲೂ ಕಂಪ್ಯೂಟರುಗಳು ಎದ್ದಿರಲಿಲ್ಲವಂತೆ. ರಜಬ್ ಅಲಿಯ ಮುಖ ಅರಳಿತು. ತಪ್ಪು ತನ್ನದಲ್ಲ! ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ, ಹಾಗಾದರೆ ಕಾಲೇಜಿನವರು ಏನು ಮಾಡಿದರು ಎಂದು ಗಟ್ಟಿಯಾಗಿ ಕೇಳಿದ.

"ಎಂತ ಇಲ್ಲ ಭಾವ. ಎಲ್ಲದ್ರಲ್ಲೂ ಹಳೇ ಕರ್ನಲ್ ಇರ್ತದಲ್ಲ, ಅದನ್ನ ಸೆಲೆಕ್ಟ್ ಮಾಡಿ ಸ್ಟಾರ್ಟ್ ಮಾಡಿದ್ರು. ಅರ್ಧ ನಿಮಿಷದ ಕೆಲ್ಸ. ಅದು ಸ್ಟೆಪ್ನಿ ಇದ್ದ ಹಾಗೆ. ನಿಮ್ಮದ್ರಲ್ಲಿ ಎರಡು ಇಟ್ಟಿದ್ದೆ."

ಸ್ಟೆಪ್ನಿ ಇಲ್ಲದ ಜೀಪನ್ನು ಗ್ಯಾರೇಜಿನಿಂದ ಹೊರಗೆ ಬಿಡುವುದಿಲ್ಲ ಎಂದು ಇದೇ ರಜಬ್ ಅಲಿಯಿಂದ ಬೈಸಿಕೊಂಡ ಗಿಡ್ಡಪ್ಪ ಸೀಲಿಂಗಿನ ಕಡೆಗೆ ನೋಡತೊಡಗಿದ. ಅವನ ಹೊಟ್ಟೆ ಮಾತ್ರ ಕುಲುಕುತ್ತಿತ್ತು. ಅವನಿಗೆ ನಗಲು ಇನ್ನೊಂದು ಕಾರಣವೂ ಇತ್ತು: ಆ ಪದ್ಯಗಳದೆಲ್ಲ ಅವನ ಭಾವಮೈದುನನ ಹತ್ತಿರ ಇನ್ನೊಂದು ಪ್ರತಿ ಇತ್ತು. ದಾರಿಯುದ್ದಕ್ಕೂ ಹಾಡಿ ಮುಗಿಸುವ ತನಕ ಅದನ್ನು ಅವನು ಹೇಳಿರಲಿಲ್ಲ.

ಆಮೇಲಿನ ಮುಕ್ಕಾಲು ಗಂಟೆ ಅಸದ್ ಹೇಳುತ್ತಾ ಹೋದ, ಜಮೀಲಾ ಟೈಪು ಮಾಡುತ್ತಾ ಹೋದಳು, ರಜಬ್ ಅಲಿ ಮತ್ತೆ ದಿಮ್ಮಿ ಹತ್ತಿ ಜಮೀಲಾಳ ಫೋನು ಎತ್ತಿ ಹಿಡಿದ. ಪೆನ್‌ಡ್ರೈವಿನಿಂದ ಇಳಿದು, ಮಲಗಿದ್ದ ಲಿನಕ್ಸಿನ ಒಳಹೊಕ್ಕು, ಅಲ್ಲಿಂದಲೇ ಹಳೆಯ ಕರ್ನಲ್ಲನ್ನು ಮತ್ತೆ ತರಿಸಿ ಕೂರಿಸಿದರು. ಐದೂ ಹತ್ತಕ್ಕೆ ಕಂಪ್ಯೂಟರು ತನ್ನ ಕಾಲ ಮೇಲೆ ತಾನೇ ಎದ್ದು ನಿಂತಿತು. ಹನ್ನೊಂದು ಮಂದಿಗೆ ಗಿಡ್ಡಪ್ಪ ಚಹಾ ಮಾಡಿದ. ಕಾಫಿಯನ್ನೆಲ್ಲ ಬೆಂಗಳೂರಿಗೆ ಕಳಿಸಿಯಾಗಿತ್ತಲ್ಲ!

ಒಂಬತ್ತು ದಿನ ಕಳೆಯಿತು. ಸ್ಪರ್ಧೆಯವರಿಂದ ಪತ್ರ ಬಂತು: ನೂರಾ ನಲವತ್ತು ಕಾಫಿಗಳಲ್ಲಿ ಎರಡನೆಯ ಸುತ್ತಿಗೆ ಆರಿಸಿದ ಹನ್ನೆರಡರಲ್ಲಿ ಇವರದೂ ಒಂದು. ತಿಮ್ಮಮ್ಮ ಆ ಸುದ್ದಿಯನ್ನು ಕೋತಿಗಳಿಗೂ ಹೇಳಿದಳೆಂದು ಊರಲ್ಲಿ ಮಾತಾಯಿತು. ಪತ್ರವನ್ನು ಇನ್ನೊಮ್ಮೆ ದೊಡ್ಡ ಪರದೆಯಲ್ಲಿ ಓದಬೇಕೆಂದು ರಜಬ್ ಅಲಿ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತ. ಓದಿದ. ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು.

ಈ ಸಲ ಗಡಿಬಿಡಿ ಇಲ್ಲ, ಯಾವ ಪತ್ರವೂ ಹೋಗಬೇಕಿಲ್ಲ, ಹಳೆಯ ಕರ್ನಲ್ಲಿನ ತಂಟೆಗೂ ಹೋಗುವುದಿಲ್ಲ. ಇಷ್ಟೆಲ್ಲ ಕಲಿತ ಮೇಲೂ ಹೆದರಿ ಕೂತರೆ ಕಲಿತದ್ದು ಯಾಕೆ? ಅವನು 'ಅಪ್‌ಡೇಟ್' ಒತ್ತಿದ. ಪಾಸ್‌ವರ್ಡ್ ಕೇಳಿತು. ಹಾಕಿದ. ತಪ್ಪು ಎಂದಿತು. ಮತ್ತೆ ನಿಧಾನವಾಗಿ ಹಾಕಿದ. ತಪ್ಪು.

ಅಡುಗೆಮನೆಯ ಕಡೆ ಮುಖ ಮಾಡಿ, ಪಾಸ್‌ವರ್ಡಿಗೆ ಏನೋ ಆಗಿದೆ ಎಂದ. ತಾನೇ ಬದಲಾಯಿಸಿದ್ದೇನೆ ಎಂದು ಅಲ್ಲಿಂದ ಉತ್ತರ ಬಂತು. ಏನೆಂದು ಕೇಳಿದ.

"ಒಂದು ತಾರೀಕು" ಎಂದಳು ಜಮೀಲಾ. "ನೀವು ಸಾಯೋ ತನಕ ಮರೀಬಾರದಂಥದ್ದು."

ರಜಬ್ ಅಲಿ ಮೀಸೆಯೊಳಗೇ ನಕ್ಕ. ಎಲ್ಲ ಗಂಡಸರೂ ಎಡವುವ ಜಾಗ ಇದು; ಅವನು ಎಡವುವವನಲ್ಲ. ಮದುವೆಯ ತಾರೀಕು ಅವನಿಗೆ ಜೀಪಿನ ನಂಬರಿನಂತೆ ಬಾಯಿಪಾಠ. ಎಂಟೂ ಅಂಕಿಗಳನ್ನು ಒಂದೊಂದಾಗಿ, ಪ್ರೀತಿಯಿಂದ ಒತ್ತಿದ. ತಪ್ಪು. ಮಗಳು ಹುಟ್ಟಿದ ದಿನ ಹಾಕಿದ. ತಪ್ಪು. ಜಮೀಲಾಳ ಹುಟ್ಟಿದ ದಿನ, ನೆನಪಿದೆಯೆಂದು ತನಗೇ ಆಶ್ಚರ್ಯವಾಗುತ್ತಾ, ಹಾಕಿದ. ತಪ್ಪು. ಇನ್ನು ತನ್ನ ಬಾಳಿನಲ್ಲಿ ಮರೆಯಬಾರದ ದಿನ ಯಾವುದು ಉಳಿಯಿತೆಂದು ತಲೆ ಕೆರೆದುಕೊಳ್ಳುತ್ತಾ ಕೂತ.

ಜಮೀಲಾ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು. ಅವನ ಮುಖ ನೋಡಿ ಅವಳಿಗೆ ಸ್ವಲ್ಪ ಕನಿಕರವಾಯಿತು.

"ಹೋದ ವಾರದ ಮಂಗಳವಾರ" ಎಂದಳು.

ರಜಬ್ ಅಲಿ ಬೆರಳಲ್ಲಿ ಎಣಿಸಿ ಆ ತಾರೀಕು ಹಿಡಿದ. ಈಗ ಪಾಸ್‌ವರ್ಡ್ ಗೊತ್ತಿತ್ತು. ಕೈಗಳನ್ನು ಕೀಬೋರ್ಡಿನಿಂದ ಎತ್ತಿ, ಲುಂಗಿಗೆ ಒರೆಸಿಕೊಂಡು, ಕುರ್ಚಿಯನ್ನು ಹೆಂಡತಿಗೆ ಬಿಟ್ಟುಕೊಟ್ಟು, ತಾನು ಫೋನ್ ಎತ್ತಿ ಹಿಡಿಯಬೇಕೇ ಎಂದು ಕೇಳಿದ.